ಮೀನು ದಪ್ಪಗಿದೆಯಾ, ತೆಳ್ಳಗಿದೆಯಾ? ನಿಮ್ಮ ನೀಲಿ ಬಟ್ಟಲಿನ ಊರು ಹುಡುಕುವ ಬಗೆ

ಪ್ರಶ್ನೆ: ನಮಸ್ಕಾರ. ನಾವು ಹುಬ್ಬಳ್ಳಿ ಕಡೆಯವರು, ಎಂಟು ವರ್ಷದಿಂದ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದೇವೆ. ಹೋದ ತಿಂಗಳು ಹಳೆ ಸಾಮಾನಿನ ಸಂತೆಯಲ್ಲಿ ಒಂದು ಹಿಡಿ ಇಲ್ಲದ ಟೀ ಬಟ್ಟಲು, ಅದರ ಬಸಿ, ಜೊತೆಗೆ ಒಂದು ಊಟದ ತಟ್ಟೆ ಕೊಂಡೆ. ಎಲ್ಲದರ ಮೇಲೂ ನೀಲಿ ಬಣ್ಣದ ಚೀನಾ ಚಿತ್ರ ಇದೆ. ಬಟ್ಟಲಿನಲ್ಲಿ ಮೀನು ಹಿಡಿಯುವವರ ಚಿತ್ರ, ತಳದಲ್ಲಿ ಅರ್ಧಚಂದ್ರದ ಹಾಗೆ ಒಂದು ಗುರುತು. ತಟ್ಟೆಯಲ್ಲಿ ಸೇತುವೆ, ಎರಡು ಹಕ್ಕಿ, ಹಿಂದೆ 'ಇಂಗ್ಲೆಂಡ್' ಎಂಬ ಅಕ್ಷರ. ಮಾರಿದವರು ಎಲ್ಲವೂ 250 ವರ್ಷ ಹಳೆಯ, ಇಂಗ್ಲೆಂಡಿನ ವೂಸ್ಟರ್ ಕಾರ್ಖಾನೆಯ ಪಿಂಗಾಣಿ ಅಂದರು. ತಟ್ಟೆಯ ಚಿತ್ರ ಚೀನಾದ ಹಳೆ ಪ್ರೇಮಕಥೆ ಅಂತಲೂ ಹೇಳಿದರು. ನಮ್ಮ ಪಕ್ಕದ ಮನೆಯವರು ನೋಡಿ, ಇದು ಇಂಗ್ಲಿಷ್ ಅಲ್ಲವೇ ಅಲ್ಲ, ಚೀನಾದ್ದೇ ಅನ್ನುತ್ತಾರೆ. ಯಾರ ಮಾತು ನಂಬಲಿ? ಇದರಲ್ಲಿ ಚಹಾ ಕುಡಿಯಬಹುದಾ? ಫೋಟೋ ಕಳಿಸಿದ್ದೇನೆ.

ಉತ್ತರ: ನಮಸ್ಕಾರ. ಫೋಟೋಗಳನ್ನು ದೊಡ್ಡದು ಮಾಡಿ ಎರಡು ಮೂರು ಸಲ ನೋಡಿದೆ. ಮೊದಲು ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಬಟ್ಟಲು ಮತ್ತು ಬಸಿ ಚೀನಾದ್ದಲ್ಲ, ಇಂಗ್ಲೆಂಡಿನದೇ. ಹಳೆಯದೂ ಹೌದು. ಆದರೆ ನನ್ನ ಲೆಕ್ಕದಲ್ಲಿ ಅದು ವೂಸ್ಟರ್ ಅಲ್ಲ, ಕಾಫ್ಲಿ ಎಂಬ ಇನ್ನೊಂದು ಇಂಗ್ಲಿಷ್ ಕಾರ್ಖಾನೆಯದು. ತಟ್ಟೆಗೆ 250 ವರ್ಷ ಆಗಿರಲು ಸಾಧ್ಯವೇ ಇಲ್ಲ. ಆ ಪ್ರೇಮಕಥೆಯೂ ಚೀನಾದ್ದಲ್ಲ. ಬಟ್ಟಲಿನಲ್ಲಿ ದಯವಿಟ್ಟು ಚಹಾ ಕುಡಿಯಬೇಡಿ.

ನೀವೂ, ಮಾರಿದವರೂ, ಪಕ್ಕದ ಮನೆಯವರೂ ಮೂವರೂ ಚಿತ್ರ ನೋಡಿ ಮಾತಾಡುತ್ತಿದ್ದೀರಿ. ಈ ಸಾಮಾನುಗಳ ವಿಷಯದಲ್ಲಿ ಚಿತ್ರ ಎಲ್ಲಕ್ಕಿಂತ ಕೊನೆಯ ಸಾಕ್ಷಿ. ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ಪಿಂಗಾಣಿ ಮಾಡಲು ಹೊರಟವರೆಲ್ಲ ಚೀನಾದ ಚಿತ್ರವನ್ನೇ ಬರೆದರು. ತಳದ ಗುರುತೂ ಅಷ್ಟೇ, ಯಾರು ಬೇಕಾದರೂ ಯಾರ ಗುರುತನ್ನಾದರೂ ಹಾಕಬಹುದಿತ್ತು, ಹಾಕಿದರು ಕೂಡ. ಸುಳ್ಳು ಹೇಳಲು ಬಾರದ್ದು ಒಂದೇ, ಒಳಗಿನ ಮಣ್ಣು. ಅದಕ್ಕೇ ನಾನು ಯಾವ ಪಾತ್ರೆ ಕೈಗೆ ಬಂದರೂ ಮೊದಲು ತಿರುಗಿಸಿ ತಳ ನೋಡುತ್ತೇನೆ, ಆಮೇಲೆ ಬೆಳಕಿಗೆ ಹಿಡಿಯುತ್ತೇನೆ, ಚಿತ್ರಕ್ಕೆ ಕೊನೆಗೆ ಬರುತ್ತೇನೆ.

ಚೀನಾದ ಚಿತ್ರವೇ ಯಾಕೆ ಅಂದರೆ, ಪಿಂಗಾಣಿ ಅಂದರೆ ಚೀನಾ ಎಂದೇ ಆಗಿತ್ತು ಆಗ. ಜಿಂಗ್‌ಡೆಜೆನ್ ಎಂಬ ಊರಿನಲ್ಲಿ ತಯಾರಾಗಿ, ಕ್ಯಾಂಟನ್ ಬಂದರಿನಿಂದ ಈಸ್ಟ್ ಇಂಡಿಯಾ ಕಂಪನಿಯ ಹಡಗಿನಲ್ಲಿ ಚಹಾ ಜೊತೆ ಲಂಡನ್ನಿಗೆ ಬರುತ್ತಿತ್ತು. ಹಡಗಿನ ಹೊಟ್ಟೆಯ ತಳದಲ್ಲಿ ನೀರು ಜಿನುಗುತ್ತದಲ್ಲ, ಚಹಾ ಪೆಟ್ಟಿಗೆ ಅಲ್ಲಿಟ್ಟರೆ ಹಾಳು. ಪಿಂಗಾಣಿಗೆ ನೀರಿನ ಭಯವಿಲ್ಲ, ತೂಕವೂ ಇದೆ. ಹಾಗಾಗಿ ಪಿಂಗಾಣಿ ಪೆಟ್ಟಿಗೆ ಕೆಳಗೆ, ಚಹಾ ಮೇಲೆ. ಕಂಪನಿಯ ಹೆಸರಿನಲ್ಲಿ ಇಂಡಿಯಾ ಇದ್ದುದರಿಂದ ಆ ಕಾಲದ ಇಂಗ್ಲಿಷರು ಚೀನಾದ ಪಾತ್ರೆಯನ್ನು 'ಇಂಡಿಯಾ ಚೈನಾ' ಅನ್ನುತ್ತಿದ್ದರು, ಚೀನಾದ ಚಿತ್ರವನ್ನೂ ಇಂಡಿಯಾ ಚಿತ್ರ ಅನ್ನುತ್ತಿದ್ದರು. ಹಳೆಯ ಇಂಗ್ಲಿಷ್ ಪಟ್ಟಿಗಳಲ್ಲಿ ಇಂಡಿಯಾ ಎಂಬ ಪದ ಕಂಡ ತಕ್ಷಣ ನಮ್ಮ ದೇಶದ್ದು ಅಂತ ಹಿಗ್ಗಬೇಡಿ, ಬಹಳ ಸಲ ಅದು ಚೀನಾ ಅಥವಾ ಜಪಾನು.

ಇಂಗ್ಲಿಷರಿಗೆ ಚಿತ್ರ ನಕಲು ಮಾಡುವುದು ಕಷ್ಟವಾಗಲಿಲ್ಲ. ಮಣ್ಣು ಕಷ್ಟವಾಯಿತು. ಚೀನಾದವರು ಕೇಯೋಲಿನ್ ಎಂಬ ಬಿಳಿ ಜೇಡಿಯನ್ನು ಒಂದು ಬಗೆಯ ಕಲ್ಲಿನ ಪುಡಿ ಜೊತೆ ಕಲಸಿ, ತುಂಬಾ ಜಾಸ್ತಿ ಬಿಸಿಯಲ್ಲಿ ಸುಡುತ್ತಿದ್ದರು. ಆಗ ಅದು ಗಾಜಿನ ಹಾಗೆ ಬಿಗಿದುಕೊಳ್ಳುತ್ತದೆ. ಯೂರೋಪಿನಲ್ಲಿ ಈ ಗುಟ್ಟು ಮೊದಲು ಸಿಕ್ಕಿದ್ದು ಜರ್ಮನಿಯ ಕಡೆ, ಮೈಸೆನ್‌ನಲ್ಲಿ. ಅಲ್ಲಿ 1710ರಲ್ಲಿ ಕಾರ್ಖಾನೆ ಶುರುವಾಯಿತು. ಡಾಂತ್ರಕೋಲ್ ಎಂಬ ಫ್ರೆಂಚ್ ಪಾದ್ರಿ ಜಿಂಗ್‌ಡೆಜೆನ್‌ನ ಕೆಲಸವನ್ನು ಕಣ್ಣಾರೆ ನೋಡಿ 1712ರಲ್ಲಿ ಒಂದು, 1722ರಲ್ಲಿ ಇನ್ನೊಂದು ಕಾಗದ ಬರೆದರು. ಅಷ್ಟಾದರೂ ಇಂಗ್ಲೆಂಡಿನಲ್ಲಿ ಸರಿಯಾದ ಮಣ್ಣು ಗೊತ್ತಾಗಲಿಲ್ಲ. ಕಾರ್ನ್‌ವಾಲ್‌ನ ಜೇಡಿಯಿಂದ ಚೀನಾ ತರಹದ ಗಟ್ಟಿ ಪಿಂಗಾಣಿ ಮಾಡಿ ವಿಲಿಯಂ ಕುಕ್‌ವರ್ದಿ ಪೇಟೆಂಟ್ ಪಡೆದದ್ದು 1768ರಲ್ಲಿ. ಅದಕ್ಕೂ ಮೊದಲು ಹತ್ತಾರು ವರ್ಷ ಒಬ್ಬೊಬ್ಬರು ಒಂದೊಂದು ಮಿಶ್ರಣ ಮಾಡಿದರು. ನಮ್ಮಲ್ಲಿ ಹುಳಿಪುಡಿ ಮನೆಮನೆಗೂ ಬೇರೆ ಇರುತ್ತದಲ್ಲ, ಹಾಗೆ. ಇವತ್ತು ನಾವು ಯಾವ ಪಾತ್ರೆ ಯಾವ ಕಾರ್ಖಾನೆಯದು ಅಂತ ಗುರುತಿಸುವುದು ಈ ಬೇರೆ ಬೇರೆ ಪುಡಿಗಳಿಂದಲೇ.

ಲಂಡನ್ ಪಕ್ಕದ ಬೋ ಕಾರ್ಖಾನೆಯವರು ಮೂಳೆ ಸುಟ್ಟ ಬೂದಿ ಹಾಕಿದರು. ಅವರು ತಮ್ಮ ಕಾರ್ಖಾನೆಯನ್ನು 'ನ್ಯೂ ಕ್ಯಾಂಟನ್' ಎಂದು ಕರೆದುಕೊಂಡರು, '1750' ಎಂದು ಬರೆದ ಅವರ ಮಸಿದೌತಿಗಳ ಮೇಲೆ ಆ ಹೆಸರು ಇದೆ. ಹೊಸ ಕ್ಯಾಂಟನ್! ಎಷ್ಟು ಆಸೆ ಇತ್ತು ನೋಡಿ ಅವರಿಗೆ. ಲೋಸ್ಟಾಫ್ಟ್ ಎಂಬ ಕರಾವಳಿ ಊರಿನವರೂ 1757ರ ಹೊತ್ತಿಗೆ ಮೂಳೆ ಬೂದಿಯಲ್ಲೇ ಶುರು ಮಾಡಿದರು. ಚೆಲ್ಸಿ ಕಾರ್ಖಾನೆಯವರದು ಗಾಜಿನ ಅಂಶ ಜಾಸ್ತಿ ಇದ್ದ ಮೆದು ಪಿಂಗಾಣಿ. ನೋಡಲು ಬೆಣ್ಣೆ, ಬಹಳ ಚೆಂದ.

ವೂಸ್ಟರ್ ದಾರಿಯೇ ಬೇರೆ. 1751ರಲ್ಲಿ ಜಾನ್ ವಾಲ್ ಎಂಬ ವೈದ್ಯರು, ವಿಲಿಯಂ ಡೇವಿಸ್ ಎಂಬ ಔಷಧಿ ಅಂಗಡಿಯವರು, ಮತ್ತೆ ಊರಿನ ಇನ್ನಷ್ಟು ಜನ ದುಡ್ಡು ಸೇರಿಸಿ ಸೆವರ್ನ್ ನದಿ ದಂಡೆಯಲ್ಲಿ ಕಾರ್ಖಾನೆ ತೆರೆದರು. ಮಾರನೇ ವರ್ಷ ಬ್ರಿಸ್ಟಲ್‌ನ ಒಂದು ಸಣ್ಣ ಕಾರ್ಖಾನೆಯನ್ನು ತಮ್ಮದರಲ್ಲಿ ಸೇರಿಸಿಕೊಂಡರು. ಅದರ ಜೊತೆ ಬಂದ ಗುಟ್ಟು ಅಂದರೆ ಬಳಪದ ಕಲ್ಲು. ಹೌದು, ಬೇಲೂರು ಹಳೇಬೀಡಿನ ಶಿಲ್ಪದ ಮಾತು ಬಂದಾಗ ನಾವು ಹೇಳುವ ಆ ಮೆತ್ತನೆಯ ಕಲ್ಲಿನ ಬಳಗದ್ದೇ. ಕಾರ್ನ್‌ವಾಲ್‌ನ ತುದಿಯಲ್ಲಿ, ಲಿಜರ್ಡ್ ಎಂಬ ಕಡೆ ಅದು ಸಿಗುತ್ತದೆ. ಅಜ್ಜಿಯರು ಬಳಪದ ಕಲ್ಲಿನ ಪಾತ್ರೆಯನ್ನು ಒಲೆ ಮೇಲಿಟ್ಟು ಸಾರು ಕುದಿಸುತ್ತಿದ್ದರು, ಒಡೆಯುತ್ತಿರಲಿಲ್ಲ. ಆ ಕಲ್ಲಿನ ಪುಡಿ ಸೇರಿದ ಪಿಂಗಾಣಿಗೂ ಬಿಸಿ ತಡೆಯುವ ಶಕ್ತಿ ಬಂತು. ಬೇರೆ ಇಂಗ್ಲಿಷ್ ಕಾರ್ಖಾನೆಗಳ ಟೀಪಾಟ್‌ಗೆ ಕುದಿಯುವ ನೀರು ಸುರಿದರೆ ಬಿರುಕು ಬಿಡುವ ಭಯ, ವೂಸ್ಟರ್‌ದು ಬಿಡುತ್ತಿರಲಿಲ್ಲ. ಚಹಾ ಕುಡಿಯುವ ದೇಶದಲ್ಲಿ ಇದಕ್ಕಿಂತ ದೊಡ್ಡ ಗುಣ ಬೇಕಾ? ಆ ಕಾಲದ ಬಹಳಷ್ಟು ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದರೂ ವೂಸ್ಟರ್ ಉಳಿಯಿತು. ಅದಕ್ಕೆ ಈ ಕಲ್ಲೇ ಮುಖ್ಯ ಕಾರಣ ಅನ್ನುವುದು ನನ್ನ ಅಭಿಪ್ರಾಯ.

ಈಗ ನಿಮ್ಮ ಬಟ್ಟಲಿಗೆ ಬರೋಣ. ಚೀನಾದ್ದಲ್ಲ ಅಂತ ಹೇಗೆ ಹೇಳಿದೆ? ಒಂದು ಭೂತಗನ್ನಡಿ ತಗೊಂಡು ಮೀನುಗಾರನ ಬಟ್ಟೆಯ ನೆರಳು ಇರುವ ಜಾಗ ನೋಡಿ. ಸಣ್ಣ ಸಣ್ಣ ಗೆರೆ, ಗೆರೆಯ ಮೇಲೆ ಗೆರೆ, ನೋಟಿನ ಮೇಲಿನ ಚಿತ್ರದ ಹಾಗೆ ಕಾಣುತ್ತದೆ. ಅದು ಕುಂಚದ ಕೆಲಸವಲ್ಲ, ಅಚ್ಚು. ಅದೇ ಕಾಲದ ಚೀನಾದ ಪಾತ್ರೆಯಾಗಿದ್ದರೆ ಕುಂಚದಿಂದ ಹೊರಗಿನ ಗೆರೆ ಎಳೆದು ಒಳಗೆ ನೀಲಿ ನೀರು ತುಂಬಿಸಿದ ಹಾಗೆ ಇರುತ್ತಿತ್ತು. ಒಂದು ಕಡೆ ದಟ್ಟ, ಒಂದು ಕಡೆ ತೆಳು.

ಅಚ್ಚಿನ ಕೆಲಸ ಹೇಗೆ ನಡೆಯುತ್ತಿತ್ತು ಅಂತ ಹೇಳಲೇಬೇಕು, ನನಗೆ ಬಹಳ ಇಷ್ಟದ ಭಾಗ ಇದು. ತಾಮ್ರದ ತಗಡಿನ ಮೇಲೆ ಚಿತ್ರವನ್ನು ಉಳಿಯಿಂದ ಕೊರೆಯುತ್ತಾರೆ. ತಗಡನ್ನು ಬಿಸಿ ಮಾಡಿ, ಎಣ್ಣೆಯಲ್ಲಿ ಕಲಸಿದ ಕೋಬಾಲ್ಟ್ ಬಣ್ಣವನ್ನು ಕೊರೆದ ಗೀರುಗಳಿಗೆ ತುಂಬಿ, ಮೇಲಿನದನ್ನು ಒರೆಸುತ್ತಾರೆ. ತೆಳು ಕಾಗದ ಹಾಕಿ ಒತ್ತುತ್ತಾರೆ. ಒದ್ದೆ ಬಣ್ಣವಿರುವ ಆ ಕಾಗದವನ್ನು ಒಮ್ಮೆ ಸುಟ್ಟ, ಇನ್ನೂ ಗಾಜಿನ ಲೇಪ ಹಾಕದ ಬಟ್ಟಲಿಗೆ ಅಂಟಿಸಿ, ಉಜ್ಜಿ, ಆಮೇಲೆ ನೀರಿನಲ್ಲಿ ಕಾಗದ ತೊಳೆಯುತ್ತಾರೆ. ಬಣ್ಣ ಬಟ್ಟಲಿನಲ್ಲಿ ನಿಲ್ಲುತ್ತದೆ. ಸ್ವಲ್ಪ ಬಿಸಿ ಮಾಡಿ ಎಣ್ಣೆ ಹಾರಿಸಿ, ಮೇಲೆ ಆ ಗಾಜಿನ ಲೇಪ, ಅಂದರೆ ಗ್ಲೇಜ್ ಹಾಕಿ ಮತ್ತೆ ಭಟ್ಟಿಗೆ. ಒಳಗೆ ಹೋಗುವಾಗ ಕಪ್ಪು ಮಸಿಯ ಹಾಗಿದ್ದದ್ದು ಹೊರಗೆ ಬರುವಾಗ ನೀಲಿ. ಗ್ಲೇಜಿನ ಕೆಳಗೆ ಇದ್ದುಕೊಂಡು ಆ ಬಿಸಿಯನ್ನು ತಡೆಯುವ ಬಣ್ಣಗಳು ಆಗ ಬಹಳ ಕಡಿಮೆ, ಅವುಗಳಲ್ಲಿ ಕೋಬಾಲ್ಟ್ ನಂಬಿಕೆಯದ್ದು. ಎಲ್ಲ ನೀಲಿಯೇ ಯಾಕೆ ಎಂಬ ಪ್ರಶ್ನೆಗೂ ಇದೇ ಉತ್ತರ.

ಕಾಗದ ಸಪಾಟು, ಬಟ್ಟಲು ಗುಂಡು. ಹಾಗಾಗಿ ಎಲ್ಲೋ ಒಂದು ಕಡೆ ಕಾಗದ ಮಡಿಚಿರುತ್ತದೆ, ಇಲ್ಲವೇ ಅಂಚಿನ ಚಿತ್ರಪಟ್ಟಿಯ ಎರಡು ತುದಿ ಸರಿಯಾಗಿ ಕೂಡಿರುವುದಿಲ್ಲ. ನಿಮ್ಮ ಮೂರನೇ ಫೋಟೋದಲ್ಲಿ ಬಸಿಯ ಅಂಚು, ಎಡಗಡೆ ನೋಡಿ. ಪಟ್ಟಿ ಅಲ್ಲಿ ಮುರಿದು ಮತ್ತೆ ಶುರುವಾಗಿದೆ. ಅದನ್ನು ನೋಡಿದ ಮೇಲೆ ಪಕ್ಕದ ಮನೆಯವರಿಗೆ ಸಮಾಧಾನವಾಗಿ ಹೇಳಿ, ಚೀನಾದ್ದಲ್ಲ ಅಂತ.

ಇನ್ನು ವೂಸ್ಟರ್ ಹೌದೋ ಅಲ್ಲವೋ. ಕಾಫ್ಲಿ ಎಂಬುದು ಶ್ರಾಪ್‌ಶೈರ್‌ನಲ್ಲಿ, ಬ್ರೋಸ್ಲಿ ಊರಿನ ಹತ್ತಿರದ ಸಣ್ಣ ಜಾಗ. ಇಂಗ್ಲಿಷ್ ಅಕ್ಷರ ನೋಡಿದರೆ ಹೇಗೆ ಓದುವುದು ಅಂತಲೇ ತಿಳಿಯುವುದಿಲ್ಲ, ಕಾಫ್ಲಿ ಅನ್ನಬೇಕು. ಥಾಮಸ್ ಟರ್ನರ್ ಎಂಬ, ವೂಸ್ಟರ್ ಕೆಲಸ ಚೆನ್ನಾಗಿ ಬಲ್ಲವರು 1770ರ ದಶಕದಲ್ಲಿ ಅಲ್ಲಿ ಕಾರ್ಖಾನೆ ನಡೆಸಿದರು. ವೂಸ್ಟರ್‌ನಲ್ಲಿ ಅಚ್ಚಿನ ಕೆಲಸಕ್ಕೆ ಹೆಸರಾಗಿದ್ದ ರಾಬರ್ಟ್ ಹ್ಯಾಂಕಾಕ್ 1774ರಲ್ಲಿ ಅಲ್ಲಿಂದ ಹೊರಬಂದು ಕಾಫ್ಲಿ ಕಡೆ ನಡೆದರು. ಅದೇ ಸೆವರ್ನ್ ನದಿ, ಅದೇ ಬಳಪದ ಕಲ್ಲು, ಅದೇ ಅಚ್ಚಿನ ಜಾಣ್ಮೆ. ಚಿತ್ರಗಳೂ ಅವವೇ. ಅದಕ್ಕೇ ಈ ಎರಡು ಕಾರ್ಖಾನೆಗಳ ನಡುವೆ ಇವತ್ತಿಗೂ ಗೊಂದಲ.

ನಿಮ್ಮ ಚಿತ್ರಕ್ಕೆ ಸಂಗ್ರಹಕಾರರ ಬಾಯಲ್ಲಿ 'ಫಿಶರ್‌ಮನ್' ಎಂದು ಹೆಸರು, ಈಗೀಗ 'ಫಿಶರ್‌ಮನ್ ಅಂಡ್ ಕಾರ್ಮೊರಂಟ್' ಅನ್ನುತ್ತಾರೆ. ಕಾರ್ಮೊರಂಟ್ ಅಂದರೆ ನಮ್ಮ ನೀರುಕಾಗೆ. ಚೀನಾದಲ್ಲಿ ಅದನ್ನು ಪಳಗಿಸಿ ಮೀನು ಹಿಡಿಸುತ್ತಿದ್ದರು. ಎರಡೂ ಕಾರ್ಖಾನೆಗಳು ಇದನ್ನು ಅಚ್ಚು ಹಾಕಿದವು, ಆದರೆ ತಾಮ್ರದ ತಗಡು ಕೊರೆದ ಕೈ ಬೇರೆ. ಒಬ್ಬ ಮೀನುಗಾರ ಒಂದು ಮೀನನ್ನು ಎತ್ತಿ ಹಿಡಿದಿದ್ದಾನಲ್ಲ, ಆ ಮೀನು ನೋಡಿ. ಕಾಫ್ಲಿಯದಾದರೆ ಮೀನು ಗಿಡ್ಡ, ದಪ್ಪ. ವೂಸ್ಟರ್‌ದಾದರೆ ಉದ್ದ, ತೆಳ್ಳಗೆ. ಇನ್ನೊಬ್ಬನ ಗಾಳದ ದಾರ ನೋಡಿ. ಕಾಫ್ಲಿಯಲ್ಲಿ ಬಿಗಿಯಾಗಿ ನೆಟ್ಟಗೆ ಇರುತ್ತದೆ, ವೂಸ್ಟರ್‌ನಲ್ಲಿ ಸಡಿಲವಾಗಿ ಅಲೆ ಅಲೆಯಾಗಿ ಇಳಿಯುತ್ತದೆ. ನಿಮ್ಮದರಲ್ಲಿ ಮೀನು ದುಂಡಗಿದೆ, ದಾರ ಎಳೆದು ಕಟ್ಟಿದ ಹಾಗಿದೆ. ಚಿತ್ರ ಕೊನೆಯ ಸಾಕ್ಷಿ ಅಂತ ಆಗಲೇ ಹೇಳಿದೆ, ಆದರೆ ಎರಡೇ ಕಾರ್ಖಾನೆ ಉಳಿದುಕೊಂಡಾಗ ಇಂಥ ಸಣ್ಣ ಗೆರೆ ದೊಡ್ಡ ಸಹಾಯ ಮಾಡುತ್ತದೆ.

ಹಾಗಾದರೆ ಆ ಅರ್ಧಚಂದ್ರ? ವೂಸ್ಟರ್‌ನ ಚಂದ್ರ ನಿಜವೇ. ಕೈಯಲ್ಲಿ ಬರೆದ ಚಿತ್ರದ ಪಾತ್ರೆಗೆ ಬರಿ ಹೊರಗೆರೆಯ ಚಂದ್ರ, ಅಚ್ಚಿನ ಪಾತ್ರೆಗೆ ಸಾಮಾನ್ಯವಾಗಿ ಒಳಗೆ ಗೀರು ತುಂಬಿದ ಚಂದ್ರ. ನಿಮ್ಮದು ಅಚ್ಚಿನ ಚಿತ್ರ, ಆದರೆ ಗುರುತಿನ ಒಳಗೆ ಗೀರಿಲ್ಲ. ಮತ್ತೊಮ್ಮೆ ನೋಡಿ, ಅದು ಚಂದ್ರ ಅಲ್ಲ, ಇಂಗ್ಲಿಷಿನ 'ಸಿ' ಅಕ್ಷರ. ಕಾಫ್ಲಿಯ ಹೆಸರಿನ ಮೊದಲ ಅಕ್ಷರ ಅದು. ಶ್ರಾಪ್‌ಶೈರ್‌ಗೆ ಸೇರಿದ್ದು ಎಂಬುದಕ್ಕೆ 'ಸಲೋಪಿಯನ್' ಎಂಬ ಮಾತಿನ 'ಎಸ್' ಅನ್ನೂ ಹಾಕುತ್ತಿದ್ದರು. ಮಾರಿದವರು ಬೇಕಂತಲೇ ಸುಳ್ಳು ಹೇಳಿದರು ಅಂತ ನಾನು ಅನ್ನುವುದಿಲ್ಲ. ಈ ತಪ್ಪು ಬಹಳ ಜನ ಮಾಡುತ್ತಾರೆ.

ತಿಳಿದವರೂ ತಪ್ಪಿದ್ದಾರೆ. ಇಂಗ್ಲಿಷ್ ಅಂಕಿಗಳಿಗೆ ಬಾಲ ಕೊಂಬು ಸೇರಿಸಿ ಚೀನಾ ಅಕ್ಷರದಂತೆ ಕಾಣುವ ಹಾಗೆ ಮಾಡಿದ ಗುರುತುಗಳಿವೆ. ಅವು ಕಾಫ್ಲಿಯವೇ ಎಂದು ಬಹಳ ವರ್ಷ ಎಲ್ಲರೂ ನಂಬಿದ್ದರು. ಆಮೇಲೆ ವೂಸ್ಟರ್‌ನ ಹಳೆ ಕಾರ್ಖಾನೆ ಜಾಗ ಅಗೆದಾಗ ಕಸದ ಗುಂಡಿಯಲ್ಲಿ ಅದೇ ಗುರುತಿನ ಚೂರುಗಳು ಸಿಕ್ಕವು. ಭಟ್ಟಿಯಲ್ಲಿ ಹಾಳಾಗಿ ಬಿಸಾಕಿದ ಚೂರನ್ನು ಬೇರೆ ಊರಿನಿಂದ ಯಾರೂ ತಂದು ಹಾಕುವುದಿಲ್ಲ ಅಲ್ವಾ? ಒಂದೇ ಏಟಿಗೆ ಎಷ್ಟೋ ಕಪಾಟುಗಳ ಚೀಟಿ ಬದಲಾಯಿತು. ಗುರುತಿಗಿಂತ ಮಣ್ಣನ್ನು ನಂಬಿ ಅಂತ ನಾನು ಹಠ ಹಿಡಿಯುವುದು ಇದಕ್ಕೇ.

ನೀವು ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಹೇಳುತ್ತೇನೆ. ರಾತ್ರಿ ದೀಪ ಆರಿಸಿ, ಮೊಬೈಲ್ ಟಾರ್ಚ್ ಅನ್ನು ಬಟ್ಟಲಿನ ಒಳಗಿನಿಂದ ಹಿಡಿದು ಹೊರಗಿನಿಂದ ನೋಡಿ. ವೂಸ್ಟರ್ ಆದರೆ ಬೆಳಕು ಹಸಿರು ಛಾಯೆಯಲ್ಲಿ ಬರುತ್ತದೆ. ಕಾಫ್ಲಿ ಬಹಳ ಸಲ ಕಿತ್ತಳೆ, ಒಣ ಹುಲ್ಲಿನ ಬಣ್ಣ ಕೊಡುತ್ತದೆ. ಬೋ ಮತ್ತು ಲೋಸ್ಟಾಫ್ಟ್ ಮೂಳೆ ಬೂದಿಯವು, ದಪ್ಪ ಇದ್ದಲ್ಲಿ ಬೆಳಕೇ ಸರಿಯಾಗಿ ಬರುವುದಿಲ್ಲ, ಬಂದರೆ ಹಳದಿ. ಹಳೆಯ ಚೆಲ್ಸಿಯಲ್ಲಿ ಅಲ್ಲಲ್ಲಿ ಬೆಳಗುವ ಚುಕ್ಕೆ ಕಾಣುತ್ತವೆ, ಅವಕ್ಕೆ ಇಲ್ಲಿ 'ಮೂನ್ಸ್' ಅನ್ನುತ್ತಾರೆ. ಟಾರ್ಚ್ ಒಂದನ್ನೇ ನಂಬಿ ತೀರ್ಪು ಕೊಡಬೇಡಿ, ಒಂದೇ ಕಾರ್ಖಾನೆಯಲ್ಲೂ ಭಟ್ಟಿಯಿಂದ ಭಟ್ಟಿಗೆ ಬಣ್ಣ ಬದಲಾಗುತ್ತದೆ.

ಆಮೇಲೆ ಬಟ್ಟಲು ಬೋರಲು ಹಾಕಿ, ತಳದಲ್ಲಿ ಬಳೆ ತರಹ ಎದ್ದಿರುವ ಭಾಗ ನೋಡಿ. ವೂಸ್ಟರ್‌ನಲ್ಲಿ ಅದನ್ನು ಅಡ್ಡ ಕೊಯ್ದರೆ ತ್ರಿಕೋನದಂತೆ ಇರುತ್ತದೆ, ಕಾಫ್ಲಿಯಲ್ಲಿ ನೇರ ಗೋಡೆಯಂತೆ ಚೌಕ. ಬಳೆಯ ಒಳಮೂಲೆಯಲ್ಲಿ ಗ್ಲೇಜ್ ಇಲ್ಲದ ಸಣ್ಣ ಗೆರೆ ಇದೆಯಾ ಅಂತಲೂ ನೋಡಿ. ಮೆದು ಪೆನ್ಸಿಲ್ ತುದಿಯನ್ನು ಹಗುರಾಗಿ ಆ ಮೂಲೆಯಲ್ಲಿ ಸುತ್ತಿಸಿದರೆ, ಗ್ಲೇಜ್ ಇಲ್ಲದ ಕಡೆ ಮಾತ್ರ ಪೆನ್ಸಿಲ್ ಗೀರು ಹತ್ತುತ್ತದೆ, ಒರೆಸಿದರೆ ಹೋಗುತ್ತದೆ. ವೂಸ್ಟರ್‌ನಲ್ಲಿ ಈ ಗೆರೆ ಸಾಮಾನ್ಯ. ಕಾಫ್ಲಿಯಲ್ಲೂ ಕೆಲವೊಮ್ಮೆ ಇರುತ್ತದೆ, ಹಾಗಾಗಿ ಇದು ಪೂರಕ ಸಾಕ್ಷಿ ಅಷ್ಟೇ.

ಟಾರ್ಚ್ ಹಿಡಿದಾಗ ಬೆಳಕು ಚೂರೂ ಬರದಿದ್ದರೆ ಎಚ್ಚರ. ಅದು ಪಿಂಗಾಣಿಯೇ ಅಲ್ಲ, ಬಿಳಿ ಮಣ್ಣಿನ ಪಾತ್ರೆ. ಸ್ಟಾಫರ್ಡ್‌ಶೈರ್‌ನ ಟನ್‌ಸ್ಟಲ್‌ನಲ್ಲಿದ್ದ ಬೂತ್ಸ್ ಎಂಬ ಕಾರ್ಖಾನೆ ನೂರು ವರ್ಷಕ್ಕೂ ಹಿಂದೆ ಹಳೆ ವೂಸ್ಟರ್ ಚಿತ್ರಗಳನ್ನು ಇಂಥ ಮಣ್ಣಿನ ಮೇಲೆ ಬಹಳ ಚೆನ್ನಾಗಿ ನಕಲು ಮಾಡಿತು. ಪ್ಯಾರಿಸ್‌ನ ಸ್ಯಾಮ್ಸನ್‌ನವರು ಗಟ್ಟಿ ಪಿಂಗಾಣಿಯಲ್ಲಿ ನಕಲು ಮಾಡಿದರು. ನಾನು ಈ ವಿಷಯ ಕಲಿಯುತ್ತಿದ್ದ ಹೊಸತರಲ್ಲಿ ಒಂದು ಅಂಗಡಿಯಲ್ಲಿ ನೀಲಿ ಸಾಸ್ ಬೋಟ್, ಅಂದರೆ ಸಾಸ್ ಬಡಿಸುವ ಪಾತ್ರೆ, ಕೊಂಡೆ. ಹಳೆ ವೂಸ್ಟರ್ ಅಂತ ಚೀಟಿಯಿತ್ತು, ಚಂದ್ರನ ಗುರುತಿತ್ತು, ಚಿತ್ರವೂ ಸರಿಯಿತ್ತು. ಆ ತಿಂಗಳ ಉಳಿತಾಯ ಪೂರ್ತಿ ಅದಕ್ಕೇ ಹೋಯಿತು. ಮನೆಗೆ ಬಂದು ದೀಪದ ಮುಂದೆ ಹಿಡಿದರೆ ಕತ್ತಲು. ಗೋಡೆಯ ಹಾಗೆ. ಅವತ್ತಿನಿಂದ ಟಾರ್ಚ್ ಇಲ್ಲದೆ ಸಂತೆಗೆ ಹೋಗುವುದಿಲ್ಲ.

ಸ್ವಲ್ಪ ಚಿತ್ರದ ಬಗ್ಗೆಯೂ ಹೇಳಬೇಕು, ಇಲ್ಲದಿದ್ದರೆ ಈ ಪಾತ್ರೆಗಳಿಗೆ ಅನ್ಯಾಯವಾಗುತ್ತದೆ. ವೂಸ್ಟರ್‌ನಲ್ಲೋ ಬೋನಲ್ಲೋ ಕುಂಚ ಹಿಡಿದ ಹುಡುಗರು ಚೀನಾ ನೋಡಿದವರಲ್ಲ. ಅವರ ಎದುರಿಗೆ ಇದ್ದದ್ದು ಚೀನಾದ ಒಂದು ತಟ್ಟೆ, ಅಥವಾ ಅದನ್ನು ನೋಡಿ ಮಾಡಿದ ಇನ್ನೊಂದು ನಕಲು. ಬಂಡೆ ಗಾಳಿಯಲ್ಲಿ ತೇಲುತ್ತದೆ, ಮರದ ಮೇಲೆ ಮನೆಗಿಂತ ದೊಡ್ಡ ಹಣ್ಣು. ಚೀನಾದ ಎತ್ತರದ ಹೆಂಗಸಿನ ಚಿತ್ರಕ್ಕೆ ಡಚ್ಚರ ಮಾತಿನಿಂದ ಬಂದ 'ಲಾಂಗ್ ಎಲೈಜಾ' ಎಂಬ ಹೆಸರಿದೆ. ಅವಳು ಇಂಗ್ಲಿಷ್ ಕೈಯಲ್ಲಿ ಇನ್ನೂ ಉದ್ದವಾಗಿ ಬಿದಿರಿನ ಹಾಗೆ ನಿಂತಿರುತ್ತಾಳೆ. ನನಗೆ ಇದು ಕೆಟ್ಟ ನಕಲು ಅನ್ನಿಸುವುದಿಲ್ಲ. ನೋಡದ ಊರನ್ನು ಕೇಳಿ ಕೇಳಿ ಮನಸ್ಸಿನಲ್ಲಿ ಕಟ್ಟಿಕೊಂಡವರ ಚಿತ್ರ ಅದು, ಅದಕ್ಕೊಂದು ಮುಗ್ಧ ಸೊಗಸು ಇದೆ. ಚೀನಾದ ಒರಿಜಿನಲ್ ಪಕ್ಕದಲ್ಲಿಟ್ಟರೂ ನಾನು ವೂಸ್ಟರ್‌ನ 1755ರ ಆಸುಪಾಸಿನ ಒಂದು ಸಣ್ಣ ಎಲೆ ತಟ್ಟೆಯನ್ನೇ ಎತ್ತಿಕೊಳ್ಳುತ್ತೇನೆ.

ಎಲೆ ತಟ್ಟೆ ಅಂದೆ ನೋಡಿ, ಸಂತೆಯಲ್ಲಿ ಅದನ್ನೂ ಹುಡುಕಿ. ಅಂಗೈಗಿಂತ ಚಿಕ್ಕದು, ಎಲೆ ಆಕಾರ, ಹಿಂದೆ ನರಗಳು, ಮುಂದೆ ಚೀನಾ ಹೂವು. ಅದು ಉಪ್ಪಿನಕಾಯಿ ಬಡಿಸಲು ಮಾಡಿದ್ದು. ಆ ಕಾಲದಲ್ಲಿ ಕಂಪನಿ ಹಡಗಿನಲ್ಲಿ ನಮ್ಮ ಕಡೆಯ ಮಾವಿನ ಉಪ್ಪಿನಕಾಯಿ ಇಂಗ್ಲೆಂಡಿಗೆ ಹೋಗಿ, ಮಾವು ಸಿಗದ ಅಡುಗೆಮನೆಗಳಲ್ಲಿ ಸೌತೆಕಾಯಿಗೂ ಕರಬೂಜಕ್ಕೂ ಮಸಾಲೆ ತುಂಬಿ ಅದನ್ನೇ 'ಮ್ಯಾಂಗೋ' ಅನ್ನುತ್ತಿದ್ದರು. ಚೀನಾದ ಚಿತ್ರ, ಇಂಗ್ಲೆಂಡಿನ ಮಣ್ಣು, ನಮ್ಮ ಉಪ್ಪಿನಕಾಯಿಯ ಆಸೆ, ಎಲ್ಲ ಅಂಗೈ ಅಗಲದಲ್ಲಿ.

ಈಗ ಸೇತುವೆಯ ತಟ್ಟೆ. ಇದು ವಿಲೋ ಚಿತ್ರ, ಪ್ರಪಂಚದಲ್ಲೇ ಅತಿ ಹೆಚ್ಚು ಅಚ್ಚಾದ ತಟ್ಟೆ ಚಿತ್ರಗಳಲ್ಲಿ ಒಂದು. ಬಾಗಿದ ಮರ, ಸೇತುವೆ ಮೇಲೆ ಮೂವರು, ದೋಣಿ, ದೊಡ್ಡ ಮನೆ, ಮುಂದೆ ಬೇಲಿ, ಮೇಲೆ ಎರಡು ಹಕ್ಕಿ. ಇಷ್ಟೂ ಒಟ್ಟಿಗೆ ಇರುವ ಚಿತ್ರ ಚೀನಾದಲ್ಲಿ ಇರಲಿಲ್ಲ. ಸ್ಟೋಕ್‌ನ ಜೊಸಾಯಾ ಸ್ಪೋಡ್ ಕಾರ್ಖಾನೆ 1790ರ ಹೊತ್ತಿಗೆ ಚೀನಾದ ಒಂದು ಚಿತ್ರ ತಗೊಂಡು, ಅದಕ್ಕೆ ಸೇತುವೆ, ಬೇಲಿ ಸೇರಿಸಿ ಇದನ್ನು ಕಟ್ಟಿತು. ಕಾಫ್ಲಿಯಲ್ಲಿ ತಗಡು ಕೊರೆಯುವುದನ್ನು ಕಲಿತ ಥಾಮಸ್ ಮಿಂಟನ್ ಹೆಸರೂ ಇಂಥ ಚಿತ್ರಗಳ ಜೊತೆ ಬರುತ್ತದೆ.

ಸಮಯವೂ ಕೂಡಿ ಬಂತು. 1784ರಲ್ಲಿ ಸರ್ಕಾರ ಚಹಾ ಮೇಲಿನ ಸುಂಕವನ್ನು 119 ಪರ್ಸೆಂಟ್‌ನಿಂದ 12.5ಕ್ಕೆ ಇಳಿಸಿತು, ಚಹಾ ಎಲ್ಲರ ಮನೆಗೆ ಬಂತು. 1791ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಚೀನಾ ಪಿಂಗಾಣಿಯನ್ನು ದೊಡ್ಡ ಪ್ರಮಾಣದಲ್ಲಿ ತರಿಸುವುದನ್ನೇ ನಿಲ್ಲಿಸಿತು. ಚೀನಾ ಸೆಟ್ಟಿನಲ್ಲಿ ಒಂದು ತಟ್ಟೆ ಒಡೆದರೆ ಅದೇ ತರಹದ್ದು ಎಲ್ಲಿಂದ ತರುವುದು? ಸ್ಪೋಡ್‌ನಂಥವರು ಮಾಡಿಕೊಟ್ಟರು. ಮೂಳೆ ಬೂದಿ ಅರ್ಧದಷ್ಟು ಹಾಕಿ, ಕಾರ್ನ್‌ವಾಲ್ ಜೇಡಿ ಮತ್ತು ಕಲ್ಲು ಸೇರಿಸಿದ ಬೋನ್ ಚೈನಾವನ್ನು ಸ್ಪೋಡ್ ಮನೆಯವರು 1800ರ ಹೊತ್ತಿಗೆ ಹದಕ್ಕೆ ತಂದರು. ಆದರೆ ವಿಲೋ ತಟ್ಟೆಗಳಲ್ಲಿ ಬಹುಪಾಲು ಬೋನ್ ಚೈನಾ ಅಲ್ಲ, ಸಾದಾ ಬಿಳಿ ಮಣ್ಣಿನವು. ನಿಮ್ಮದೂ ಹಾಗೇ ಕಾಣುತ್ತದೆ.

ಪ್ರೇಮಕಥೆ? ಕೂಂಗ್-ಶೆ ಎಂಬ ಶ್ರೀಮಂತರ ಮಗಳು, ಚಾಂಗ್ ಎಂಬ ಬಡ ಗುಮಾಸ್ತ, ಬೆನ್ನಟ್ಟುವ ಅಪ್ಪ, ಕೊನೆಗೆ ಇಬ್ಬರೂ ಹಕ್ಕಿಯಾಗುತ್ತಾರೆ. ಚಿತ್ರ ಬಂದು ಅರ್ಧ ಶತಮಾನ ಕಳೆದ ಮೇಲೆ, 1849ರಲ್ಲಿ, ಒಂದು ಇಂಗ್ಲಿಷ್ ಪತ್ರಿಕೆ ಇದನ್ನು ಛಾಪಿಸಿತು. ಅಂದರೆ ತಟ್ಟೆ ಮೊದಲು, ಕಥೆ ಆಮೇಲೆ. ಮಕ್ಕಳಿಗೆ ಹೇಳಲು ಚೆನ್ನಾಗಿದೆ, ಹೇಳಿ. ಚೀನಾದ್ದು ಅಂತ ಮಾತ್ರ ಹೇಳಬೇಡಿ.

ತಟ್ಟೆಯ ವಯಸ್ಸು ಆ 'ಇಂಗ್ಲೆಂಡ್' ಎಂಬ ಅಕ್ಷರದಲ್ಲೇ ಇದೆ. ಹೊರದೇಶದ ಸಾಮಾನಿನ ಮೇಲೆ ದೇಶದ ಹೆಸರು ಇರಲೇಬೇಕು ಎಂದು ಅಮೆರಿಕದ ಕಾಯಿದೆ 1891ರಿಂದ ಕೇಳಿತು. ಇಂಗ್ಲಿಷ್ ಕಾರ್ಖಾನೆಗಳು ಹೆಸರು ಒತ್ತಲು ಶುರು ಮಾಡಿದ್ದು ಹೆಚ್ಚುಕಡಿಮೆ ಆಗಿನಿಂದ. 'ಮೇಡ್ ಇನ್ ಇಂಗ್ಲೆಂಡ್' ಅಂತ ಪೂರ್ತಿ ಇದ್ದರೆ ಸಾಮಾನ್ಯವಾಗಿ ಇಪ್ಪತ್ತನೇ ಶತಮಾನ. ಹಾಗಾಗಿ ನಿಮ್ಮ ತಟ್ಟೆ 1890ರ ದಶಕದ್ದೋ ಅದರ ಆಮೇಲಿನದೋ. ಚೆಂದದ ತಟ್ಟೆ. ಗ್ಲೇಜಿನಲ್ಲಿ ಬಿರುಕು ಗೆರೆ ಕಾಣುತ್ತಿರುವುದರಿಂದ ಊಟಕ್ಕೆ ಬೇಡ, ಗೋಡೆಗೆ ಇರಲಿ. ತಂತಿಯ ಹ್ಯಾಂಗರ್ ಹಾಕಬೇಡಿ, ಅಂಚು ಚೂರು ಏಳುತ್ತದೆ. ಮರದ ಸ್ಟ್ಯಾಂಡ್ ಸಾಕು.

ಬಟ್ಟಲಿನಲ್ಲಿ ಚಹಾ ಯಾಕೆ ಬೇಡ? ಆ ಕಾಲದ ಇಂಗ್ಲಿಷ್ ಗ್ಲೇಜಿನಲ್ಲಿ ಸೀಸ ಇರುತ್ತದೆ. ನಿಂಬೆ ಹಿಂಡಿದ ಚಹಾದಂಥ ಹುಳಿ ತಾಗಿದರೆ ಸೀಸ ಬಿಡುವ ಅಪಾಯ ಇನ್ನೂ ಜಾಸ್ತಿ. ಇನ್ನೂರು ಮೂವತ್ತು ವರ್ಷದ ಹಿಂದಿನವರು ಕುಡಿದರು, ನಿಜ, ಹಾಗಂತ ನಾವೂ ಕುಡಿಯಬೇಕಿಲ್ಲ. ಮನೆಯಲ್ಲಿ ಮಕ್ಕಳಿದ್ದರಂತೂ ಬೇಡವೇ ಬೇಡ. ಕುಡಿಯುತ್ತಿದ್ದ ರೀತಿ ಮಾತ್ರ ನಿಮಗೆ ಇಷ್ಟವಾಗುತ್ತದೆ. ಬಸಿ ಎಷ್ಟು ಆಳ ಇದೆ, ಮಧ್ಯದಲ್ಲಿ ಬಟ್ಟಲು ಕೂರಿಸುವ ಕುಳಿಯೇ ಇಲ್ಲ, ಗಮನಿಸಿದಿರಾ? ಚಹಾವನ್ನು ಬಸಿಗೆ ಸುರಿದು ಆರಿಸಿ ಕುಡಿಯುವವರು ಆಗ ಇಂಗ್ಲೆಂಡಿನಲ್ಲೂ ಇದ್ದರು. ನಿಮ್ಮ ಹುಬ್ಬಳ್ಳಿ ಕಡೆ ಬಸಿಯಲ್ಲಿ ಚಹಾ ಹೀರುವವರ ಹಾಗೆಯೇ.

ತೊಳೆಯುವಾಗ ಸಿಂಕಿನಲ್ಲಿ ಬೇಡ. ಪ್ಲಾಸ್ಟಿಕ್ ಬುಟ್ಟಿಯಲ್ಲಿ ಟವೆಲ್ ಹಾಸಿ, ಉಗುರುಬೆಚ್ಚಗಿನ ನೀರು, ಎರಡು ಹನಿ ಮೆದು ಸೋಪು. ಬಳೆ, ಉಂಗುರ ತೆಗೆದಿಡಿ. ಒಂದೊಂದನ್ನೇ ತೊಳೆಯಿರಿ. ಡಿಶ್‌ವಾಷರ್, ಬ್ಲೀಚ್, ಪಾತ್ರೆ ಪುಡಿ ಯಾವುದೂ ಬೇಡ. ಮನೆಯ ಬ್ಲೀಚ್ ಬಿರುಕಿನೊಳಗೆ ಇಳಿದು ಉಪ್ಪಾಗಿ ಕಟ್ಟಿ ಗ್ಲೇಜನ್ನೇ ಎಬ್ಬಿಸುತ್ತದೆ. ಅದಕ್ಕೂ ಮೊದಲು ಬಟ್ಟಲನ್ನು ಅಂಗೈ ಮೇಲೆ ಕೂರಿಸಿ ಉಗುರಿನಿಂದ ಮೆಲ್ಲಗೆ ತಟ್ಟಿ. ಟಣ್ ಅಂದರೆ ಒಳ್ಳೆಯದು, ಮಂಕಾಗಿ ಟಪ್ ಅಂದರೆ ಎಲ್ಲೋ ಬಿರುಕಿದೆ ಅಥವಾ ಹಳೆ ಅಂಟಿನ ರಿಪೇರಿ ಇದೆ. ರಿಪೇರಿ ಇದ್ದರೆ ನೀರಿನಲ್ಲಿ ನೆನೆಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಸಾಕು.

ಬೆಲೆ ಕೇಳಿಲ್ಲ ನೀವು, ಆದರೂ ಹೇಳುತ್ತೇನೆ. ಫಿಶರ್‌ಮನ್ ಚಿತ್ರ ಕಾಫ್ಲಿಯ ಪಾತ್ರೆಗಳಲ್ಲಿ ಬಹಳ ಸಿಗುವಂಥದ್ದು, ಹಾಗಾಗಿ ದೊಡ್ಡ ದುಡ್ಡಿನ ಲೆಕ್ಕ ಹಾಕಬೇಡಿ. ಆದರೆ 1780, 90ರ ದಶಕದ ಒಂದು ನಿಜವಾದ ಬಟ್ಟಲು ನಿಮ್ಮ ಮನೆಯಲ್ಲಿದೆ, ಸಂತೆಯಲ್ಲಿ ಅದನ್ನು ನಿಮ್ಮ ಕಣ್ಣು ಹುಡುಕಿತು. ನನಗಂತೂ ಅದು ತುಂಬಾ ಸಂತೋಷದ ವಿಷಯ. ರಜೆಯಲ್ಲಿ ಒಂದು ದಿನ ವೂಸ್ಟರ್‌ನ ಸೆವರ್ನ್ ಸ್ಟ್ರೀಟ್‌ನಲ್ಲಿರುವ ಮ್ಯೂಸಿಯಂ ಆಫ್ ರಾಯಲ್ ವೂಸ್ಟರ್‌ಗೆ ಹೋಗಿ ಬನ್ನಿ. ಅಲ್ಲಿಯ ಕಪಾಟುಗಳ ಮುಂದೆ ಒಂದು ಗಂಟೆ ನಿಂತರೆ ಕಣ್ಣಿಗೆ ಅಭ್ಯಾಸವಾಗುತ್ತದೆ, ನನ್ನ ಇಡೀ ಕಾಗದಕ್ಕಿಂತ ಜಾಸ್ತಿ ಅದು ಕಲಿಸುತ್ತದೆ.

ಒಂದು ಕೆಲಸ ಮಾಡಿ. ಟಾರ್ಚ್ ಪರೀಕ್ಷೆಯನ್ನು ಬಟ್ಟಲಿಗೂ ಬಸಿಗೂ ಬೇರೆ ಬೇರೆ ಮಾಡಿ, ತಳದ ಬಳೆಯನ್ನು ಪಕ್ಕದಿಂದ ಫೋಟೋ ತೆಗೆದು ಕಳಿಸಿ. ಬಸಿಯ ಮೇಲಿನ ಮೀನು ನಿಮ್ಮ ಫೋಟೋದಲ್ಲಿ ನೆರಳಿಗೆ ಸಿಕ್ಕಿದೆ, ನನಗೆ ಸರಿಯಾಗಿ ಕಾಣಲಿಲ್ಲ. ಇನ್ನೂರು ವರ್ಷದಲ್ಲಿ ಒಡೆದ ಬಸಿಯ ಜಾಗಕ್ಕೆ ಇನ್ನೊಂದು ಕಾರ್ಖಾನೆಯ ಬಸಿ ಬಂದು ಕೂತ ಜೋಡಿಗಳು ಬೇಕಾದಷ್ಟಿವೆ. ಬಟ್ಟಲು ಕಿತ್ತಳೆ ಬಣ್ಣ ಕೊಟ್ಟು ಬಸಿ ಹಸಿರು ಕೊಟ್ಟರೆ, ಬಸಿಯ ಮೀನು ತೆಳ್ಳಗೂ ಇದ್ದರೆ, ಮಾರಿದವರ ಮಾತು ಅರ್ಧ ನಿಜವಾಗುತ್ತದೆ.